ಮೇಸ್ತ್ರಿಯಿಲ್ಲದ ಹುತ್ತ

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಹೋದವರು ಬಾಹುಬಲಿಯ ಮುಖ ನೋಡಲು ತಲೆಯೆತ್ತುತ್ತಾರೆ. ಕಾಲ ಬುಡಕ್ಕೆ ಕಣ್ಣು ಹೋಗುವುದು ಕಡಿಮೆ. ಅಲ್ಲಿ ಎರಡೂ ಪಕ್ಕದಲ್ಲಿ ಶಿಲ್ಪಿ ಹುತ್ತಗಳನ್ನು ಕಡೆದಿದ್ದಾನೆ. ಅವುಗಳ ಬಾಯಿಂದ ಹಾವುಗಳು ಹೊರಗಿಣುಕಿವೆ, ಮಾಧವಿ ಬಳ್ಳಿ ಕಾಲುಗಳನ್ನು ಬಳಸಿ ತೋಳಿನ ತನಕ ಹಬ್ಬಿದೆ. ತಪಸ್ಸಿಗೆ ನಿಂತವನು ಎಷ್ಟು ಕಾಲ ಅಲ್ಲಾಡದೆ ನಿಂತ ಎಂಬುದನ್ನು ಕಲ್ಲಿನಲ್ಲಿ ಹೇಳಲು ಹತ್ತನೆಯ ಶತಮಾನದ ಆ ಶಿಲ್ಪಿಗೆ ಹುತ್ತಕ್ಕಿಂತ ಒಳ್ಳೆಯ ಗುರುತು ಸಿಗಲಿಲ್ಲವೇನೋ. ಸುಮಾರು 58 ಅಡಿಯ ಏಕಶಿಲೆ. ಒಂದು ಉಳಿಯೇಟು ತಪ್ಪಿದರೂ ಸರಿಪಡಿಸುವ ಹಾಗಿಲ್ಲ. ಮೊದಲ ಏಟು ಬೀಳುವ ಮುನ್ನವೇ ಇಡೀ ಮೂರ್ತಿ ಯಾರದೋ ಮನಸ್ಸಿನಲ್ಲಿ ಅಳತೆ ಸಮೇತ ನಿಂತಿರಲೇಬೇಕು. ಅದರ ಪಾದದ ಬಳಿ ಇರುವ ಹುತ್ತದ ಕಥೆ ಇದಕ್ಕೆ ತೀರ ತದ್ವಿರುದ್ಧ. ಹೊಲದ ಬದುವಿನಲ್ಲಿ ಆಳೆತ್ತರಕ್ಕೆ ಎದ್ದ ಹುತ್ತಕ್ಕೆ ಮೊದಲೇ ಹಾಕಿಟ್ಟ ಅಳತೆಯಿಲ್ಲ, ನಕ್ಷೆಯಿಲ್ಲ, ಇಲ್ಲಿ ಇಡು ಅಲ್ಲಿ ಬಿಡು ಎನ್ನುವ ಮೇಸ್ತ್ರಿಯಿಲ್ಲ. ಕಟ್ಟುವ ಹುಳಕ್ಕೆ ಕಣ್ಣೂ ಇಲ್ಲ. ಆದರೂ ಅದರೊಳಗೆ ಗಾಳಿ ಓಡಾಡುವ ಕೊಳವೆಗಳಿವೆ, ಅಣಬೆ ಬೆಳೆಯುವ ಕೋಣೆಗಳಿವೆ, ರಾಣಿಗೆ ಬೇರೆ ಕೊಠಡಿಯಿದೆ. ಇದನ್ನೆಲ್ಲ ಆ ಹುಳಕ್ಕೆ ಹೇಳಿಕೊಡುವವರು ಯಾರು? ಕಳೆದ ಅರುವತ್ತು ಎಪ್ಪತ್ತು ವರ್ಷಗಳ ಸಂಶೋಧನೆ ಕೊಡುವ ಉತ್ತರ ಮೊದಲ ಸಲ ಕೇಳಿದಾಗ ಒಗಟಿನಂತಿದೆ: ಹೇಳಿಕೊಡುವುದು ಹುತ್ತವೇ. ಅರ್ಧ ಎದ್ದ ಗೋಡೆಯೇ ಮುಂದಿನ ಉಂಡೆ ಎಲ್ಲಿ ಬೀಳಬೇಕೆಂದು ತೋರಿಸುತ್ತದೆ. ಈ ಮಾತನ್ನು ಒಪ್ಪುವುದಕ್ಕೆ ಏನು ಆಧಾರ, ಒಪ್ಪದಿರುವವರ ತಕರಾರುಗಳಲ್ಲಿ ಎಷ್ಟು ಹುರುಳು ಎಂದು ನೋಡಬೇಕು.

ಮೊದಲಿಗೆ ಹುತ್ತದ ವಾರಸುದಾರಿಕೆಯ ವಿಷಯ. ನಮ್ಮಲ್ಲಿ ಹುತ್ತವೆಂದರೆ ಹಾವಿನ ಮನೆ. ನಾಗರಪಂಚಮಿಗೆ ಹಾಲೆರೆಯುವುದೂ ಅಲ್ಲಿಗೇ. ಆದರೆ ಹಾವಿಗೆ ಮಣ್ಣು ತೋಡುವ ಕಾಲಿಲ್ಲ, ಹೊರುವ ಬಾಯಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಗಾದೆಯನ್ನು ಪರರ ದುಡಿಮೆಗೆ ಒಡೆಯರಾಗುವವರ ಬಗ್ಗೆ ಹೇಳುವ ನಮ್ಮ ಜನಕ್ಕೆ ಈ ಸಂಗತಿ ಗೊತ್ತಿಲ್ಲದ್ದೇನಲ್ಲ. ಇಂಗ್ಲಿಷರು ಗೆದ್ದಲನ್ನು ಬಿಳಿ ಇರುವೆ ಎಂದು ಕರೆದು ಇನ್ನೊಂದು ಗೊಂದಲ ಹುಟ್ಟಿಸಿದರು. ಇರುವೆಗೂ ಇದಕ್ಕೂ ನೆಂಟಸ್ತಿಕೆ ಬಹಳ ದೂರದ್ದು. ಹತ್ತಿರದ ಬಂಧು ಜಿರಳೆ. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಗೆದ್ದಲನ್ನು ಜಿರಳೆಗಳ ಕುಲದೊಳಗೇ ಸೇರಿಸಿತು. ಜಗತ್ತಿನಲ್ಲಿ ಸುಮಾರು 3000 ಬಗೆಯ ಗೆದ್ದಲುಗಳಿವೆ, ಎಲ್ಲವೂ ಹುತ್ತ ಕಟ್ಟುವುದಿಲ್ಲ. ಬಾಗಿಲ ಚೌಕಟ್ಟನ್ನೂ ಪುಸ್ತಕದ ಕಪಾಟನ್ನೂ ತಿಂದು ಮುಗಿಸುವ ಹಲವು ಜಾತಿಗಳು ನೆಲದೊಳಗೋ ಮರದೊಳಗೋ ಗುಟ್ಟಾಗಿ ಬದುಕುತ್ತವೆ. ನಮ್ಮ ಬಯಲುಸೀಮೆಯಲ್ಲಿ ಕಾಣುವ, ಮೈತುಂಬ ಏಣುಗಳಿರುವ, ಗೋಪುರದಂಥ ಹುತ್ತ ಹೆಚ್ಚಾಗಿ ಒಡಾಂಟೊಟರ್ಮಿಸ್ ಒಬೇಸಸ್ ಎಂಬ ಜಾತಿಯದು. ಇದು ಅಣಬೆಯ ಬೇಸಾಯಗಾರ. ಒಣಹುಲ್ಲು, ಕಸಕಡ್ಡಿಯನ್ನು ತಿಂದು ಹಾಕಿದ ಹಿಕ್ಕೆಯಿಂದ ಸ್ಪಂಜಿನಂಥ ತೊಟ್ಟಿ ಮಾಡಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ, ಅದು ಮೆತ್ತಗೆ ಮಾಡಿಕೊಟ್ಟ ಆಹಾರವನ್ನು ಉಣ್ಣುತ್ತದೆ. ಮಳೆ ಬಿದ್ದ ಮೇಲೆ ಹುತ್ತದ ಮೈಮೇಲೆ ಏಳುವ, ಹಳ್ಳಿಯವರು ಮುಗಿಬಿದ್ದು ಕಿತ್ತು ತರುವ ಅಣಬೆ ಇದರದೇ ಕೊಡೆ. ಗೆದ್ದಲಿನ ಈ ಬೇಸಾಯಕ್ಕೆ ಸುಮಾರು ಮೂರು ಕೋಟಿ ವರ್ಷಗಳ ಚರಿತ್ರೆಯಿದೆ. ನಮ್ಮ ಬೇಸಾಯದ ಹತ್ತು ಹನ್ನೆರಡು ಸಾವಿರ ವರ್ಷ ಅದರ ಮುಂದೆ ಯಾವ ಲೆಕ್ಕ!

ಕಟ್ಟಡದ ಮಾತಿಗೆ ಬರುವ ಮುಂಚೆ ಕಟ್ಟುವ ಸಾಮಗ್ರಿಯನ್ನು ನೋಡುವುದು ಒಳ್ಳೆಯದು. ಕುಂಬಾರನಿಗಾಗಲಿ, ಮುದ್ದೆ ತಿರುವುವವರಿಗಾಗಲಿ ಎಲ್ಲವೂ ನಿಂತಿರುವುದು ಹದದ ಮೇಲೆ. ನೀರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡ ಒಬೇಸಸ್ ಗೆದ್ದಲಿನ ಗಾರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಇದೇ ಹದದ ಮಾತಿದೆ. ಕೆಲಸಗಾರ ಗೆದ್ದಲು ಮಣ್ಣನ್ನು ಬಾಯಲ್ಲಿ ಕಲಸಿ ಉಂಡೆ ಮಾಡಿ ಇಡುತ್ತದೆ. ಕೆಲಸಗಾರರಲ್ಲಿ ದೊಡ್ಡ ಮೈಯವು ಮತ್ತು ಚಿಕ್ಕ ಮೈಯವು ಎಂದು ಎರಡು ಬಗೆ; ಅವುಗಳ ಉಂಡೆಯ ಗಾತ್ರವೂ ಬೇರೆ ಬೇರೆ. ಮಣ್ಣಿಗೆ ಬದಲಾಗಿ ಬೇರೆ ಪದಾರ್ಥ ಕೊಟ್ಟರೂ, ಅದು ನೀರಲ್ಲಿ ನೆನೆದು ಉಂಡೆಗೆ ಬರುವಂಥದ್ದಾದರೆ, ಅವು ಕೆಲಸ ಶುರುಮಾಡುತ್ತವೆ. ಹೀಗೆ ಕಟ್ಟಿದ ಮಣ್ಣಿನ ಗಟ್ಟಿತನ ಅದೇ ನೆಲದ ಸಾಮಾನ್ಯ ಮಣ್ಣಿನ ಸುಮಾರು ಹತ್ತು ಪಟ್ಟು. ಇಷ್ಟು ಬಲವೆಲ್ಲ ಗೆದ್ದಲಿನ ಎಂಜಲಿನ ಅಂಟಿನಿಂದಲೇ ಬಂದಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅದೇ ತಂಡದ 2020ರ ಅಧ್ಯಯನ ಈ ಎಣಿಕೆಯನ್ನು ತಿದ್ದಿತು: ಗಟ್ಟಿಯಾಗಲು ನೀರಿನ ಹದವೊಂದೇ ಸಾಕು, ಆದರೆ ಮಳೆಗಾಳಿಯನ್ನು ತಾಳಿಕೊಳ್ಳಲು ಗೆದ್ದಲಿನ ಮೈಯಿಂದ ಬಂದ ಅಂಟು ಬೇಕೇಬೇಕು. ಅಂದರೆ ಹುತ್ತದ ಗಟ್ಟಿತನ ಒಂದು ಕಾರಣದಿಂದ, ಬಾಳಿಕೆ ಇನ್ನೊಂದು ಕಾರಣದಿಂದ. ತೇವ ಎಂಬ ಸಂಗತಿಯನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ಮತ್ತೆ ಬರುತ್ತದೆ. ಹುತ್ತವಿದ್ದಲ್ಲಿ ನೆಲದಡಿ ನೀರಿದೆ ಎಂದು ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬರೆದದ್ದು ಎಲ್ಲ ಕಡೆಯೂ ನಿಜವಾಗಬೇಕಿಲ್ಲ, ಆದರೆ ಗೆದ್ದಲಿನ ಬದುಕು ತೇವದ ಸುತ್ತಲೇ ತಿರುಗುತ್ತದೆ ಎಂಬ ಗ್ರಹಿಕೆ ಅವನಿಗಿತ್ತು.

ಉಂಡೆ ಸಿದ್ಧವಾಯಿತು, ಇಡುವುದು ಎಲ್ಲಿ? ಫ್ರಾನ್ಸಿನ ಪ್ರಾಣಿವಿಜ್ಞಾನಿ ಪಿಯರ್ ಪಾಲ್ ಗ್ರಾಸೆ ಆಫ್ರಿಕಾದ ಗೆದ್ದಲುಗಳ ಒಂದು ಗುಂಪನ್ನು ಗೂಡಿನಿಂದ ಬೇರ್ಪಡಿಸಿ, ಮಣ್ಣು ಕೊಟ್ಟು, ಸುಮ್ಮನೆ ಕೂತು ನೋಡಿದ. ಮೊದಮೊದಲು ಅವು ಉಂಡೆಗಳನ್ನು ಎಲ್ಲೆಂದರಲ್ಲಿ ಇಡುತ್ತಿದ್ದವು, ಒಂದು ಇಟ್ಟದ್ದನ್ನು ಇನ್ನೊಂದು ಕಿತ್ತೊಯ್ಯುತ್ತಿತ್ತು. ಬರೀ ಗೊಂದಲ. ಹೀಗೆ ಆಗುತ್ತಿರುವಾಗ ಎಲ್ಲೋ ಒಂದು ಕಡೆ, ಆಕಸ್ಮಿಕವಾಗಿ, ನಾಲ್ಕಾರು ಉಂಡೆಗಳು ಒಟ್ಟಿಗೆ ಬಿದ್ದವು. ಅಲ್ಲಿಂದ ಆಟವೇ ಬದಲಾಯಿತು. ಆ ಗುಪ್ಪೆ ಇತರ ಗೆದ್ದಲುಗಳನ್ನು ಎಳೆಯತೊಡಗಿತು. ಹೆಚ್ಚು ಉಂಡೆ ಬಿದ್ದಷ್ಟೂ ಇನ್ನೂ ಹೆಚ್ಚು ಉಂಡೆ ಬಿತ್ತು, ಗುಪ್ಪೆ ಕಂಬವಾಯಿತು. ಸಮೀಪದಲ್ಲಿ ಇನ್ನೊಂದು ಕಂಬ ಇದ್ದರೆ ಎರಡೂ ಮೇಲೆ ಹೋದಂತೆ ಒಂದರ ಕಡೆಗೊಂದು ಬಾಗಿ ಕಮಾನಾಗಿ ಕೂಡಿಕೊಂಡವು. ಒಂಟಿ ಕಂಬ ಹಾಗೇ ಉಳಿಯಿತು. ಇಲ್ಲಿ ಗೆದ್ದಲಿಗೂ ಗೆದ್ದಲಿಗೂ ನಡುವೆ ಸಮಾಲೋಚನೆ ನಡೆದಿಲ್ಲ. ಒಂದು ಮಾಡಿಟ್ಟ ಕೆಲಸದ ಗುರುತೇ ಇನ್ನೊಂದಕ್ಕೆ ಪ್ರಚೋದನೆ. 1959ರಲ್ಲಿ ಗ್ರಾಸೆ ಇದಕ್ಕೆ ಗ್ರೀಕಿನ ಗುರುತು, ಕೆಲಸ ಎಂಬ ಎರಡು ಪದ ಜೋಡಿಸಿ ಸ್ಟಿಗ್ಮರ್ಜಿ ಎಂದು ಹೆಸರಿಟ್ಟ. ಹೆಸರು ಕಠಿಣವಾದರೂ ಸಂಗತಿ ನಮಗೆ ಚಿರಪರಿಚಿತ. ಬೆಂಗಳೂರಿನ ಯಾವುದೋ ರಸ್ತೆಯ ತಿರುವು ವಾರಗಟ್ಟಲೆ ಸ್ವಚ್ಛವಾಗಿರುತ್ತದೆ. ಒಂದು ಬೆಳಿಗ್ಗೆ ಯಾರೋ ಒಂದು ಕಸದ ಚೀಲ ಎಸೆದು ಹೋಗುತ್ತಾರೆ. ಮಧ್ಯಾಹ್ನಕ್ಕೆ ಐದು ಚೀಲ, ಎರಡು ದಿನದಲ್ಲಿ ಅದು ಪಾಲಿಕೆಯವರ ಭಾಷೆಯಲ್ಲಿ ಬ್ಲ್ಯಾಕ್ ಸ್ಪಾಟ್. ಎಸೆದವರು ಯಾರೂ ಸಭೆ ಸೇರಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಯೂ ಇರಲಿಲ್ಲ. ಮೊದಲ ಚೀಲ ಎರಡನೆಯದನ್ನು ಕರೆಯಿತು. ಅದನ್ನು ತೆಗೆಸಿ ಅಲ್ಲೊಂದು ರಂಗೋಲಿ ಹಾಕಿದರೆ ಎಸೆಯುವ ಕೈ ಹಿಂಜರಿಯುತ್ತದೆ ಎಂಬುದೂ ಇದೇ ತತ್ತ್ವದ ಇನ್ನೊಂದು ಮುಖ.

ಗೆದ್ದಲಿಗೆ ಆ ಗುಪ್ಪೆ ಕೊಡುವ ಸೂಚನೆ ಯಾವುದು ಎಂಬಲ್ಲಿ ಮಾತ್ರ ಗ್ರಾಸೆಯ ನಂತರದವರು ಸ್ವಲ್ಪ ಆತುರಪಟ್ಟರು. ಉಂಡೆಯಲ್ಲಿ ಒಂದು ವಾಸನೆ ಇರಬೇಕು, ಅದೇ ಉಳಿದವನ್ನು ಕರೆಯಬೇಕು ಎಂದು ಊಹಿಸಿ ಅದನ್ನು ಗಾರೆಯ ವಾಸನೆ ಎಂಬಂತೆ ಪಠ್ಯಪುಸ್ತಕಗಳಲ್ಲಿ ಬರೆದೂ ಬಿಟ್ಟರು. ಕಂಪ್ಯೂಟರಿನಲ್ಲಿ ಮಾದರಿ ಮಾಡಲು ಅನುಕೂಲವಾದ ಊಹೆಯದು. ಆದರೆ ಆ ವಾಸನೆಯ ದ್ರವ್ಯ ಇದೇ ಎಂದು ಬೇರ್ಪಡಿಸಿ ತೋರಿಸುವುದು ಸುಲಭವಾಗಲಿಲ್ಲ. ಇತ್ತೀಚಿನ ಪ್ರಯೋಗಗಳು ಬೇರೆ ದಿಕ್ಕಿಗೆ ಬೆರಳು ಮಾಡುತ್ತಿವೆ. ಆಫ್ರಿಕಾದ ಮ್ಯಾಕ್ರೊಟರ್ಮಿಸ್ ಗೆದ್ದಲುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲ್ಮೈಯ ಬಾಗುವಿಕೆಯೇ ಆರಂಭದ ಕೆಲಸ ಎಲ್ಲಿ ನಡೆಯಬೇಕೆಂಬುದನ್ನು ಬಹುಪಾಲು ನಿರ್ಧರಿಸುತ್ತಿತ್ತು. ಇನ್ನೊಂದು ಜಾತಿಯ ಮೇಲಿನ ಪ್ರಯೋಗಗಳಲ್ಲಿ ತೇವ ಆರುವ ವೇಗ ಮುಖ್ಯವಾಗಿ ಕಂಡಿತು: ಒದ್ದೆ ಮಣ್ಣಿನ ಚೂಪಾದ ತುದಿಯಿಂದ ನೀರು ಬೇಗ ಆವಿಯಾಗುತ್ತದೆ, ಗೆದ್ದಲುಗಳು ಉಂಡೆ ಇಡುವುದೂ ಅಂಥ ತುದಿಗಳಲ್ಲೇ. ಕಂಬದ ತುದಿಯೇ ಎಲ್ಲಕ್ಕಿಂತ ಚೂಪು, ಆದ್ದರಿಂದ ಕಂಬ ಮೇಲಕ್ಕೇ ಬೆಳೆಯುತ್ತದೆ. ವಾಸನೆಯ ಪಾತ್ರ ಇಲ್ಲವೇ ಇಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಜಾತಿಯಿಂದ ಜಾತಿಗೆ ಸೂಚನೆಗಳ ಮಿಶ್ರಣ ಬೇರೆಯಾಗಿರಬಹುದು. ಆದರೆ ಈ ತಿದ್ದುಪಡಿ ಮೂಲ ವಾದವನ್ನು ದುರ್ಬಲಗೊಳಿಸುವ ಬದಲು ಗಟ್ಟಿ ಮಾಡುತ್ತದೆ. ವಾಸನೆಯಾದರೆ ಗೆದ್ದಲು ಬರೆದಿಟ್ಟ ಓಲೆ ಎನ್ನಬಹುದಿತ್ತು. ಬಾಗು ಮತ್ತು ತೇವ ಮಣ್ಣಿನದೇ ಗುಣಗಳು.

ಮೊದಲ ತಕರಾರು ರಾಣಿಯ ಕಡೆಯಿಂದ. ಗೂಡಿಗೊಬ್ಬಳು ರಾಣಿ ಇದ್ದಾಳಲ್ಲ, ಆಜ್ಞೆ ಅವಳದೇ ಇರಬಾರದೇಕೆ? ಈ ಊಹೆಗೆ ದೊಡ್ಡವರ ಬೆಂಬಲವೂ ಇತ್ತು. ಪಶ್ಚಿಮ ಆಫ್ರಿಕಾದ ಹುತ್ತಗಳ ಬಗ್ಗೆ 1781ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರವಾಗಿ ಬರೆದ ಹೆನ್ರಿ ಸ್ಮೀತ್‌ಮನ್ ಗೂಡಿನೊಳಗೆ ರಾಜ, ರಾಣಿ, ದುಡಿಯುವವರು, ಕಾದುವವರು ಎಂದು ತನ್ನ ಕಾಲದ ಸಮಾಜವನ್ನೇ ಕಂಡ. ದಕ್ಷಿಣ ಆಫ್ರಿಕಾದ ಕವಿ, ಪತ್ರಕರ್ತ ಯೂಜೀನ್ ಮರೇ ಇನ್ನೂ ಮುಂದೆ ಹೋಗಿ ಇಡೀ ಹುತ್ತವೇ ಒಂದು ಪ್ರಾಣಿ, ರಾಣಿ ಅದರ ಮಿದುಳು ಎಂದ. ಕಲ್ಪನೆ ಸೊಗಸಾಗಿದೆ. ಆದರೆ ರಾಣಿ ಇಲ್ಲದ ಗಾಜಿನ ತಟ್ಟೆಯಲ್ಲಿ ಕೆಲವೇ ಕೆಲಸಗಾರರನ್ನು ಬಿಟ್ಟರೂ ಅವು ಕಂಬ, ಗೋಡೆ ಎಬ್ಬಿಸುತ್ತವೆ. ರಾಣಿಯಾದರೋ ಉಬ್ಬಿದ ಹೊಟ್ಟೆ ಹೊತ್ತು, ಕತ್ತಲ ಕೋಣೆಯಲ್ಲಿ, ಮೊಟ್ಟೆ ಇಡುವುದೊಂದೇ ಕೆಲಸವಾಗಿ ಬಿದ್ದಿರುವವಳು. ಹೊರಗೋಡೆಯಲ್ಲಿ ಬಿದ್ದ ತೂತು ಅವಳಿಗೆ ತಿಳಿಯುವ ಬಗೆಯಿಲ್ಲ. ಆಕೆಗೆ ಕಟ್ಟಡದಲ್ಲಿ ಪಾತ್ರವೇ ಇಲ್ಲವೆಂದಲ್ಲ. 1970ರ ದಶಕದಲ್ಲಿ ಡಚ್ ಸಂಶೋಧಕ ಬ್ರೌನ್ಸ್‌ಮಾ ನಡೆಸಿದ ಪ್ರಯೋಗಗಳಲ್ಲಿ ರಾಣಿಯ ಮೈಯಿಂದ ಹಬ್ಬುವ ವಾಸನೆ ಒಂದು ಮಟ್ಟಕ್ಕೆ ಇಳಿಯುವ ದೂರದಲ್ಲಿ ಕೆಲಸಗಾರರು ಗೋಡೆ ಎಬ್ಬಿಸುತ್ತಿದ್ದವು. ಹೀಗಾಗಿ ಅವಳ ಮೈ ಬೆಳೆದಂತೆ ಕೋಣೆಯ ಅಳತೆಯೂ ಸರಿಯಾಗಿ ಬೆಳೆಯುತ್ತದೆ. ಇದನ್ನು ಆಜ್ಞೆ ಎನ್ನುವುದಕ್ಕಿಂತ ಅಚ್ಚು ಎನ್ನುವುದು ಸರಿ. ದರ್ಜಿ ಅಳತೆ ತೆಗೆದುಕೊಳ್ಳುವಾಗ ನಾವು ಸುಮ್ಮನೆ ನಿಂತಿರುತ್ತೇವಲ್ಲ, ರಾಣಿ ಮಾಡುವುದೂ ಅಷ್ಟೇ.

ಎರಡನೆಯ ತಕರಾರು ಇನ್ನೂ ಗಟ್ಟಿ. ಮೇಸ್ತ್ರಿ ಬೇಡ, ನಕ್ಷೆ ಇಲ್ಲವೆಂದು ಹೇಗೆ ಹೇಳುತ್ತೀರಿ? ಒಂದೊಂದು ಜಾತಿಯ ಹುತ್ತಕ್ಕೆ ಒಂದೊಂದು ಆಕಾರವಿದೆ, ಬಲ್ಲವರು ಹುತ್ತ ನೋಡಿಯೇ ಜಾತಿ ಹೇಳುತ್ತಾರೆ. ಹಾಗಾದರೆ ಆಕಾರ ವಂಶವಾಹಿಯಲ್ಲೇ ಬರೆದಿರಬೇಕಲ್ಲವೇ? ಇದಕ್ಕೆ ಐವರಿ ಕೋಸ್ಟ್ ದೇಶದ ಕೊಮೊಯೆ ರಾಷ್ಟ್ರೀಯ ಉದ್ಯಾನದಲ್ಲಿ ಜರ್ಮನಿಯ ಜುಡಿತ್ ಕೋರ್ಬ್ ಮಾಡಿದ ಅಧ್ಯಯನ ಒಳ್ಳೆಯ ಉತ್ತರ. ಅಲ್ಲಿ ಮ್ಯಾಕ್ರೊಟರ್ಮಿಸ್ ಬೆಲ್ಲಿಕೋಸಸ್ ಎಂಬ ಒಂದೇ ಜಾತಿ ಬಿಸಿಲು ಬೀಳುವ ಹುಲ್ಲುಗಾವಲಿನಲ್ಲಿ ತೆಳು ಗೋಡೆಯ, ಏಣುಗಳಿಂದ ತುಂಬಿದ ಎತ್ತರದ ಗೋಪುರ ಕಟ್ಟುತ್ತದೆ. ಪಕ್ಕದ ತಂಪು ಕಾಡಿನಲ್ಲಿ ದಪ್ಪ ಗೋಡೆಯ ಗಿಡ್ಡ ಗುಮ್ಮಟ ಕಟ್ಟುತ್ತದೆ. ಕಾಡಿನಲ್ಲಿ ಬಿಸಿ ಉಳಿಸಿಕೊಳ್ಳುವುದು ಕಷ್ಟ, ಬಯಲಿನಲ್ಲಿ ಉಸಿರಾಟಕ್ಕೆ ದಾರಿ ಮಾಡುವುದು ಸುಲಭ. ನಕ್ಷೆ ಬರೆದಿಟ್ಟಿದ್ದರೆ ಎರಡೂ ಕಡೆ ಒಂದೇ ಮನೆ ಏಳಬೇಕಿತ್ತು. ವಂಶವಾಹಿಯಲ್ಲಿ ಇರುವುದು ಇಂಥ ಸೂಚನೆ ಸಿಕ್ಕರೆ ಹೀಗೆ ಮಾಡು ಎಂಬ ಪ್ರತಿಕ್ರಿಯೆಯ ಅಭ್ಯಾಸಗಳು. ತಾಳಮದ್ದಳೆ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಸಂಗದ ಪದ್ಯಗಳು ಗೊತ್ತಿರುವವೇ. ಆದರೆ ಮಾತು ಯಾರೂ ಬರೆದುಕೊಟ್ಟದ್ದಲ್ಲ, ಎದುರಿನ ಅರ್ಥಧಾರಿ ಆಡಿದ ಮಾತಿಗೆ ಮಾತು ಹುಟ್ಟುತ್ತ ಹೋಗುತ್ತದೆ. ಕರ್ಣಪರ್ವ ಎಲ್ಲಿ ಆದರೂ ಕರ್ಣಪರ್ವವೇ, ಆದರೆ ಉಡುಪಿಯ ರಾತ್ರಿಯ ಕರ್ಣಪರ್ವ ಶಿರಸಿಯದರಂತೆ ಇರುವುದಿಲ್ಲ. (ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಪ್ಪುತ್ತೇನೆ, ಅಲ್ಲಿ ಭಾಗವತರಿದ್ದಾರೆ, ಹುತ್ತದಲ್ಲಿ ಇಲ್ಲ.) ಉತ್ತರ ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಸುತ್ತ ಇರುವ ಆಯಸ್ಕಾಂತ ಗೆದ್ದಲು ಇನ್ನೂ ಕುತೂಹಲದ ಸಾಕ್ಷಿ. ಅದರ ಹುತ್ತ ಕೊಡಲಿಯ ಅಲಗಿನಂತೆ ಚಪ್ಪಟೆ, ಅಲಗು ಉತ್ತರ ದಕ್ಷಿಣಕ್ಕೆ. ಬೆಳಗಿನ ಸಂಜೆಯ ಎಳೆಬಿಸಿಲು ಅಗಲ ಮೈಗೆ, ನೆತ್ತಿಯ ಬಿಸಿಲು ತೆಳು ಅಂಚಿಗೆ. ಹುತ್ತದಡಿ ಆಯಸ್ಕಾಂತಗಳನ್ನು ಹೂತಾಗ ಹೊಸದಾಗಿ ಕಟ್ಟಿದ ಕೋಣೆಗಳ ದಿಕ್ಕು ಕೆಟ್ಟಿತು. ಭೂಮಿಯ ಕಾಂತಕ್ಷೇತ್ರವೂ ಅಲ್ಲಿ ಒಂದು ಸೂಚನೆಯೇ ಹೊರತು, ಹುಳದ ತಲೆಯೊಳಗಿನ ಚಿತ್ರವಲ್ಲ.

ಗೆದ್ದಲಿನಿಂದ ಸ್ವಲ್ಪ ಆಚೆ ಸರಿದು ಕಣಜಗಳನ್ನು ನೋಡಿದರೆ ವಾದ ಇನ್ನೂ ನಿಚ್ಚಳವಾಗುತ್ತದೆ, ಏಕೆಂದರೆ ಅಲ್ಲಿ ಕೆಲವೊಮ್ಮೆ ಕಟ್ಟುವುದು ಒಂದೇ ಹುಳ. ನಮ್ಮ ಕಿಟಕಿ ಚೌಕಟ್ಟಿನಲ್ಲಿ ಪುಟ್ಟ ಮಣ್ಣಿನ ಕುಡಿಕೆ ಮಾಡುವ ಕುಂಬಾರ ಹುಳದ ದೂರದ ಬಂಧುವೊಂದು ಆಸ್ಟ್ರೇಲಿಯಾದಲ್ಲಿ ನೆಲದ ಬಿಲಕ್ಕೆ ಮಣ್ಣಿನ ಆಲಿಕೆ ಕಟ್ಟುತ್ತದೆ: ನೇರ ಕತ್ತು, ಆಮೇಲೆ ಬಾಗು, ಕೊನೆಗೆ ಗಂಟೆಯಂಥ ಬಾಯಿ. ಪರಾವಲಂಬಿ ಹುಳಗಳು ಒಳನುಗ್ಗದಂತೆ ಈ ಏರ್ಪಾಡು. ಆಂಡ್ರ್ಯೂ ಸ್ಮಿತ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೂರ್ತಿಯಾದ ಆಲಿಕೆಯ ಕತ್ತಿನಲ್ಲಿ ಒಂದು ತೂತು ಕೊರೆದ. ಮುಚ್ಚಿಬಿಟ್ಟರೆ ಕೆಲಸ ಮುಗಿಯಿತು. ಆದರೆ ಕಣಜ ಆ ತೂತಿನ ಮೇಲೆ ಹೊಸದಾಗಿ ಕತ್ತು, ಬಾಗು, ಗಂಟೆ ಎಲ್ಲ ಸೇರಿಸಿ ಇನ್ನೊಂದು ಆಲಿಕೆಯನ್ನೇ ಕಟ್ಟಿತು. ತೂತು ಎಂಬುದು ಅದಕ್ಕೆ ಮೊದಲ ಹೆಜ್ಜೆಯ ಸೂಚನೆ; ಮೊದಲ ಹೆಜ್ಜೆ ಎರಡನೆಯದನ್ನು ಕರೆಯಿತು, ಎರಡನೆಯದು ಮೂರನೆಯದನ್ನು. ಆಲಿಕೆ ಎಂಬ ಮುಗಿದ ವಸ್ತುವಿನ ಕಲ್ಪನೆ ಅದಕ್ಕಿದ್ದಿದ್ದರೆ ಈ ಪೇಚು ಬರುತ್ತಿರಲಿಲ್ಲ. ಮರದ ನಾರನ್ನು ಜಗಿದು ಕಾಗದ ಮಾಡಿ ಗೂಡು ಹೆಣೆಯುವ ಕಣಜಗಳಲ್ಲೂ ಹೀಗೆಯೇ. ಮೂರು ಕಡೆ ಗೋಡೆ ಈಗಾಗಲೇ ಇರುವ ಮೂಲೆ ಕಂಡರೆ ಹೊಸ ಕೋಶವನ್ನು ಅಲ್ಲೇ ತುಂಬುವ ಸಂಭವ ಹೆಚ್ಚು, ಎರಡೇ ಗೋಡೆ ಇದ್ದರೆ ಕಡಿಮೆ. ಇಂಥ ನಿಯಮಗಳನ್ನು ಗಿ ಥೆರೊಲಾಜ್ ಮತ್ತು ಎರಿಕ್ ಬೊನಾಬೊ 1995ರಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದಾಗ ನಿಜವಾದ ಕಣಜದ ಗೂಡಿನಂಥ ಆಕಾರಗಳು ಪರದೆಯ ಮೇಲೆ ಮೂಡಿದವು. ಆದರೆ ಸಿಕ್ಕಸಿಕ್ಕ ನಿಯಮಗಳಿಂದ ಹಾಗಾಗಲಿಲ್ಲ, ಬಹುತೇಕ ನಿಯಮಗಳಿಂದ ಬರಿಯ ತಿಪ್ಪೆ ಎದ್ದಿತು. ಒಂದು ಹಂತದ ಸೂಚನೆ ಇನ್ನೊಂದು ಹಂತದ ಸೂಚನೆಯೊಡನೆ ಗೊಂದಲವಾಗದಂಥ ನಿಯಮಗಳು ಮಾತ್ರ ಗೂಡು ಕೊಟ್ಟವು. ನಕ್ಷೆ ಬೇಡವೆಂದ ಮಾತ್ರಕ್ಕೆ ಏನು ಬೇಕಾದರೂ ನಡೆಯುತ್ತದೆ ಎಂದಲ್ಲ; ಸರಿಯಾದ ಅಭ್ಯಾಸಗಳನ್ನು ಆರಿಸಿಟ್ಟಿರುವುದು ಕೋಟ್ಯಂತರ ವರ್ಷಗಳ ನಿಸರ್ಗದ ಆಯ್ಕೆ.

ಮೂರನೆಯ ತಕರಾರು ಎಂಜಿನಿಯರುಗಳದು: ಆಕಾರ ತಾನಾಗಿ ಮೂಡಬಹುದು, ಆದರೆ ಹವಾನಿಯಂತ್ರಣದಂಥ ಜಾಣ ವ್ಯವಸ್ಥೆ ತಾನಾಗಿ ಮೂಡುತ್ತದೆಯೇ? ಇಲ್ಲಿ ಮೊದಲು ಒಂದು ಜನಪ್ರಿಯ ಕಥೆಯನ್ನು ಬಿಡಿಸಬೇಕು. ಸ್ವಿಟ್ಜರ್ಲೆಂಡಿನ ಮಾರ್ಟಿನ್ ಲ್ಯೂಷರ್ 1961ರಲ್ಲಿ ಹುತ್ತವನ್ನು ಹವಾನಿಯಂತ್ರಿತ ಮನೆ ಎಂದು ಬಣ್ಣಿಸಿದ. ಗೂಡಿನ ಬಿಸಿಗಾಳಿ ಮೇಲೇರಿ, ಗೋಡೆಯ ಕೊಳವೆಗಳಲ್ಲಿ ತಣಿದು, ಕೆಳಗಿಳಿಯುತ್ತದೆ ಎಂಬುದು ಅವನ ವಿವರಣೆ. ಇದರಿಂದ ಸ್ಫೂರ್ತಿ ಪಡೆದು ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಜಿಂಬಾಬ್ವೆಯ ಹರಾರೆಯಲ್ಲಿ ಈಸ್ಟ್‌ಗೇಟ್ ಸೆಂಟರ್ ಎಂಬ ಕಟ್ಟಡ ಕಟ್ಟಿಸಿದ. 1996ರಲ್ಲಿ ಅದು ಪೂರ್ತಿಯಾಯಿತು, ಮಾಮೂಲಿ ಏಸಿ ಇಲ್ಲದೆ ನಡೆಯುತ್ತದೆ. ಆದರೆ ನಮೀಬಿಯಾದಲ್ಲಿ ಸ್ಕಾಟ್ ಟರ್ನರ್ ಹುತ್ತಗಳನ್ನು ಅಳೆದಾಗ ಗೂಡಿನ ಉಷ್ಣತೆ ಸುತ್ತಲಿನ ನೆಲದ ಉಷ್ಣತೆಯನ್ನೇ ಹಿಂಬಾಲಿಸಿ ಋತುವಿನೊಡನೆ ಏರಿಳಿಯುತ್ತಿತ್ತು. ಅಲ್ಲಿ ಏಸಿ ಇರಲಿಲ್ಲ, ಇದ್ದದ್ದು ಶ್ವಾಸಕೋಶ. ಕೆಲಸ ಉಷ್ಣತೆಯ ನಿಯಂತ್ರಣವಲ್ಲ, ಗಾಳಿಯ ವಿನಿಮಯ. ತಪ್ಪು ತಿಳಿವಳಿಕೆಯಿಂದ ಹುಟ್ಟಿದರೂ ಕಟ್ಟಡ ಚೆನ್ನಾಗಿ ನಡೆಯುತ್ತಿದೆ ಎಂಬುದು ಗೆದ್ದಲಿಗೂ ವಾಸ್ತುಶಿಲ್ಪಿಗೂ ಅವಮಾನವಲ್ಲ. ನಮ್ಮ ಒಬೇಸಸ್ ಹುತ್ತ ಹೇಗೆ ಉಸಿರಾಡುತ್ತದೆ ಎಂಬುದನ್ನು ಹಾರ್ವರ್ಡಿನ ಎಲ್. ಮಹಾದೇವನ್, ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೊ ಬೆಂಗಳೂರಿನ ಹುತ್ತಗಳಲ್ಲಿಯೇ ಅಳೆದು 2015ರಲ್ಲಿ ಪ್ರಕಟಿಸಿದರು. ಹೊರಮೈಯ ಏಣುಗಳೊಳಗಿನ ತೆಳು ಕೊಳವೆಗಳು ಹಗಲಲ್ಲಿ ಬೇಗ ಕಾಯುತ್ತವೆ. ನಡುವಿನ ದಪ್ಪ ಚಿಮಣಿ ನಿಧಾನ. ಹಗಲು ಗಾಳಿ ಏಣುಗಳಲ್ಲಿ ಮೇಲೇರಿ ಚಿಮಣಿಯಲ್ಲಿ ಇಳಿಯುತ್ತದೆ. ರಾತ್ರಿ ಹೊರಮೈ ಮೊದಲು ತಣಿಯುವುದರಿಂದ ಸುತ್ತು ತಿರುಗುಮುರುಗು. ಹೀಗೆ ಸುತ್ತುವ ಗಾಳಿ ಗೂಡಿನಲ್ಲಿ ಸೇರಿದ ಇಂಗಾಲದ ಡೈ ಆಕ್ಸೈಡನ್ನು ಸಣ್ಣ ರಂಧ್ರಗಳಿರುವ ಗೋಡೆಯ ಬಳಿಗೆ ತರುತ್ತದೆ, ಅಲ್ಲಿಂದ ಅದು ಹೊರಗೆ ಸೋರಿಹೋಗುತ್ತದೆ. ಹುತ್ತಕ್ಕೆ ಕಿಟಕಿಯಿಲ್ಲ, ಬೀಸಣಿಗೆಯಿಲ್ಲ. ಹಗಲು ರಾತ್ರಿಯ ಬಿಸಿತಂಪಿನ ವ್ಯತ್ಯಾಸವೇ ಬೀಸಣಿಗೆ.

ಹಾಗಾದರೆ ಏಣು, ಚಿಮಣಿ ಎಂಬ ಈ ವಿಂಗಡಣೆ ಹುಟ್ಟಿದ್ದು ಹೇಗೆ? 2019ರಲ್ಲಿ ಓಕೊ ಮತ್ತು ಮಹಾದೇವನ್ ಅವರ ಗುಂಪು ಒಂದು ಗಣಿತದ ಮಾದರಿ ಮುಂದಿಟ್ಟಿತು. ಹುತ್ತದ ಆಕಾರ ಒಳಗಿನ ಗಾಳಿಯ ಓಟವನ್ನು ನಿರ್ಧರಿಸುತ್ತದೆ. ಗಾಳಿ ಗೂಡಿನ ವಾಸನೆಗಳನ್ನು ಹೊತ್ತು ಹಂಚುತ್ತದೆ. ಆ ಹಂಚಿಕೆಯನ್ನು ನೋಡಿ ಗೆದ್ದಲು ಎಲ್ಲಿ ಕಟ್ಟಬೇಕು, ಎಲ್ಲಿ ಅಗೆಯಬೇಕು ಎಂದು ಪ್ರತಿಕ್ರಿಯಿಸುತ್ತದೆ. ಅದರಿಂದ ಆಕಾರ ಬದಲಾಗುತ್ತದೆ, ಗಾಳಿ ಮತ್ತೆ ಬೇರೆಯಾಗಿ ಓಡುತ್ತದೆ. ಕೋಲುಗಳಂಥ, ಗುಮ್ಮಟಗಳಂಥ ಬೇರೆ ಬೇರೆ ಹುತ್ತಗಳು ಈ ಒಂದೇ ಚಕ್ರದಿಂದ, ಹವೆಯ ಮತ್ತು ಹುಳದ ಅಳತೆಗಳನ್ನು ಬದಲಿಸಿದರೆ, ಬರಬಲ್ಲವು. ಮಾದರಿ ಮಾದರಿಯೇ, ಹುತ್ತದಲ್ಲಿ ನಡೆಯುವುದೆಲ್ಲ ಅಕ್ಷರಶಃ ಹೀಗೇ ಎಂದು ಅದು ಸಾಬೀತು ಮಾಡುವುದಿಲ್ಲ. ಆದರೆ ಗಾಳಿಯಾಡುವ ಕಟ್ಟಡಕ್ಕೆ ಗಾಳಿಶಾಸ್ತ್ರ ಬಲ್ಲ ತಲೆಯೊಂದು ಬೇಕೇಬೇಕು ಎಂಬ ಹಟವನ್ನು ಸಡಿಲಿಸಲು ಇಷ್ಟು ಸಾಕು. ಜೊತೆಗೆ, ಎಲ್ಲ ಹುತ್ತವನ್ನೂ ಜಾಣತನದ ಮಾದರಿ ಎಂದು ಆರತಿ ಎತ್ತುವವರು ಬ್ರೆಜಿಲಿನ ಈಶಾನ್ಯ ಭಾಗವನ್ನು ನೆನೆಯಬೇಕು. ಬ್ರಿಟನ್ನಿನಷ್ಟು ವಿಸ್ತಾರದ ಕುರುಚಲು ಕಾಡಿನಲ್ಲಿ ಸುಮಾರು 20 ಕೋಟಿ ಮಣ್ಣಿನ ದಿಬ್ಬಗಳಿವೆ, ಒಂದೊಂದೂ ಎರಡೂವರೆ ಮೀಟರ್ ಎತ್ತರ, ಒಂಬತ್ತು ಮೀಟರ್ ಅಗಲ, ಕೆಲವಕ್ಕೆ 3800 ವರ್ಷಗಳಿಗೂ ಮಿಕ್ಕಿದ ವಯಸ್ಸು. 2018ರಲ್ಲಿ ಇವುಗಳ ವಿವರ ಬಂದಾಗ ಜಗತ್ತು ಬೆರಗಾಯಿತು. ಒಳಗೆ ಕೋಣೆಯೂ ಇಲ್ಲ, ಚಿಮಣಿಯ ಜಾಲವೂ ಇಲ್ಲ. ನೆಲದಡಿ ಸುರಂಗ ತೋಡಿದ ಗೆದ್ದಲು ಹೊರಹಾಕಿದ ಬರಿಯ ಮಣ್ಣಿನ ರಾಶಿ ಅದು.

ನನಗೆ ನಿಜಕ್ಕೂ ತೊಡಕೆನಿಸುವ ತಕರಾರು ಜೇನಿನದು. ಆರು ಮೂಲೆಯ ಕೋಶ ಅತಿ ಕಡಿಮೆ ಮೇಣದಲ್ಲಿ ಅತಿ ಹೆಚ್ಚು ಜಾಗ ಕೊಡುತ್ತದೆ ಎಂಬುದನ್ನು ಗಣಿತಜ್ಞ ಥಾಮಸ್ ಹೇಲ್ಸ್ 1999ರಲ್ಲಷ್ಟೇ ಪೂರ್ತಿಯಾಗಿ ಸಾಧಿಸಿದ. ಜೇನು ಯಾವ ಪ್ರಮೇಯಕ್ಕೂ ಕಾಯದೆ ಅದನ್ನು ಮಾಡುತ್ತಲೇ ಇದೆ. ಇದರ ಹಿಂದೆಯೂ ಹಂತ ಹಂತವಾಗಿ ಬೆಳೆದ ಸರಳ ಅಭ್ಯಾಸಗಳಿವೆ ಎಂದು ಡಾರ್ವಿನ್ 1859ರಲ್ಲೇ ದುಂಬಿಯ ಒರಟು ಕುಡಿಕೆಯಿಂದ ಜೇನಿನ ನುಣುಪು ಕೋಶದವರೆಗೆ ಮೆಟ್ಟಿಲು ತೋರಿಸಿ ವಾದಿಸಿದ್ದ. ಆದರೆ 2021ರ ಒಂದು ಅಧ್ಯಯನದಲ್ಲಿ, ಬೇರೆ ಬೇರೆ ಕಡೆಯಿಂದ ಶುರುವಾದ ಎರಡು ಹಲ್ಲೆಗಳು ಕೂಡುವ ಜಾಗದಲ್ಲಿ ಜೇನುಗಳು ಮಾಡುವುದನ್ನು ಅಳೆದಾಗ ಬೇರೆಯೇ ಒಂದು ಸಂಗತಿ ಕಂಡಿತು. ಸಾಲುಗಳು ಸರಿಹೊಂದದ ಕಡೆ ಅವು ಐದು ಮೂಲೆಯ, ಏಳು ಮೂಲೆಯ ಕೋಶಗಳನ್ನು ಸೇರಿಸುತ್ತವೆ, ಗಾತ್ರ ಬದಲಿಸುತ್ತವೆ, ಕೋಶಗಳನ್ನು ಓರೆ ಮಾಡುತ್ತವೆ. ಎರಡು ಹಲ್ಲೆಗಳು ಇನ್ನೂ ಮುಟ್ಟುವ ಮೊದಲೇ ಈ ಹೊಂದಾಣಿಕೆ ಶುರುವಾಗಿರುತ್ತದೆ. ಇದನ್ನು ಮುಂದಾಲೋಚನೆ ಎನ್ನಲೇ? ಗೋಡೆ ಕೊಟ್ಟ ಸೂಚನೆಗೆ ಹುಳದ ಪ್ರತಿಕ್ರಿಯೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಇಲ್ಲಿ ಸೋಮಾರಿತನವಾದೀತು. ಮಲೆನಾಡಿನ ತೋಟಗಳಲ್ಲಿ ಚಗಳಿ ಇರುವೆಗಳು ಒಂದರ ಸೊಂಟ ಒಂದು ಹಿಡಿದು ಸರಪಳಿಯಾಗಿ ಎಲೆಗಳನ್ನು ಎಳೆದು ಕೂಡಿಸಿ, ತಮ್ಮ ಮರಿಹುಳಗಳನ್ನೇ ಲಾಳಿಯಂತೆ ಆಡಿಸಿ ರೇಷ್ಮೆಯಲ್ಲಿ ಹೊಲಿಯುವುದನ್ನು ನೋಡಿದವರಿಗೂ ಇದೇ ಅನುಮಾನ ಬರುತ್ತದೆ. ನನ್ನ ಮಟ್ಟಿಗೆ ಉತ್ತರ ಇಷ್ಟು: ಒಂದೊಂದು ಹುಳ ತನ್ನ ಮೀಸೆ ಮುಟ್ಟುವಷ್ಟು ದೂರದ ಪರಿಸ್ಥಿತಿಯನ್ನು ನಾವು ಎಣಿಸಿದ್ದಕ್ಕಿಂತ ನಾಜೂಕಾಗಿ ಓದಬಲ್ಲದು, ಕೆಲವು ಜಾತಿಗಳಲ್ಲಿ ಇನ್ನೂ ನಾಜೂಕಾಗಿ. ಆದರೆ ಪಕ್ಕದ ಎರಡು ಕೋಶ ಹೊಂದಿಸುವ ಜಾಣ್ಮೆಯಿಂದ ಇಡೀ ಹಲ್ಲೆಯ ಚಿತ್ರ ತಲೆಯಲ್ಲಿದೆ ಎಂದು ಹಾರುವಂತಿಲ್ಲ. ಗಾರೆಯವನು ಮೂಲೆ ತಿರುಗಿಸುವಾಗ ಇಟ್ಟಿಗೆ ಒಡೆದು ಹೊಂದಿಸುತ್ತಾನೆ. ಅವನಿಗೆ ಮಹಡಿ ಎಷ್ಟೆಂದು ಗೊತ್ತಿರಲೇಬೇಕೆಂದಿಲ್ಲ.

ಸೂಚನೆಗಳಿಂದ ನಡೆಯುವ ಇಂಥ ಕಟ್ಟಡಕ್ಕೆ ಇನ್ನೊಂದು ಲಕ್ಷಣವಿದೆ, ಅದು ನಕ್ಷೆಯ ಕಟ್ಟಡಕ್ಕಿಲ್ಲ: ಇದಕ್ಕೆ ಮುಗಿಯುವುದು ಎಂಬುದೇ ಇಲ್ಲ. ಹಾರೆಯಿಂದ ಹುತ್ತದ ಮೈ ಒಡೆದರೆ ಮೊದಲು ಸೈನಿಕರು ಬಂದು ಅಂಚಿನಲ್ಲಿ ನಿಲ್ಲುತ್ತವೆ, ಹಿಂದೆಯೇ ಕೆಲಸಗಾರರು ಒದ್ದೆ ಉಂಡೆ ಕಚ್ಚಿಕೊಂಡು ಬರುತ್ತವೆ. ಒಡೆದ ಬಾಯಿಂದ ಒಣಗಾಳಿ ನುಗ್ಗಿದ್ದೇ ಅವಕ್ಕೆ ಕರೆ. ತೂತು ಮುಚ್ಚಿದೊಡನೆ ಕರೆ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಪ್ರತಿ ಮಳೆಗೂ ಸ್ವಲ್ಪ ಕರಗುತ್ತ, ಪ್ರತಿ ಮಳೆಯ ನಂತರ ಹೊಸ ಗಾರೆ ಪಡೆಯುತ್ತ ಹುತ್ತ ನಿಂತಿರುತ್ತದೆ. ರಾಣಿ ಸತ್ತು, ಅವಳ ಜಾಗಕ್ಕೆ ಯಾರೂ ಬಾರದೆ ಗೂಡು ಬರಿದಾದಾಗ ಉಂಡೆ ತರುವವರು ಇರುವುದಿಲ್ಲ. ಎಂಜಲಿನ ಅಂಟು ಕೆಲವು ಮಳೆಗಾಲ ತಡೆಯುತ್ತದೆ. ಆಮೇಲೆ ಏಣುಗಳ ತುದಿ ಕುಸಿದು, ಚಿಮಣಿ ಆಕಾಶಕ್ಕೆ ಬಾಯಿ ತೆರೆದು, ಇಲಿ, ಓತಿ, ಉಡಗಳಿಗೆ ದಾರಿಯಾಗುತ್ತದೆ. ಅವುಗಳ ಬೆನ್ನು ಹತ್ತಿ ಹಾವು ಬರುತ್ತದೆ.